ಹೊಗಳಿಕೆಗೆ ಮೊದಲು ಹೆಗಲು

ನಮಸ್ಕಾರ. ಈಗ ಪರದೆಯ ಮೇಲೆ ನೀವು ನೋಡುತ್ತಿರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿರುವ ರಿಚ್ಮಂಡ್ ನಗರದ ಹಳೆಯ ಬಂದರು ಪ್ರದೇಶ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಕೈಸರ್ ಹಡಗುಕಟ್ಟೆಗಳಲ್ಲಿ 747 ಹಡಗುಗಳು ಸಿದ್ಧವಾದವು. ಅವುಗಳಿಗೆ ದುಡಿದ ಹೆಂಗಸರ ನೆನಪಿಗಾಗಿ 2000ನೇ ಇಸವಿಯಲ್ಲಿ ಇಲ್ಲೊಂದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಸ್ಥಾಪನೆಯಾಯಿತು. ಅಮೆರಿಕದ ಕಪ್ಪುವರ್ಣೀಯ ಮಹಿಳೆಯರು ಆರೋಗ್ಯದಿಂದ, ಘನತೆಯಿಂದ ಮುಪ್ಪನ್ನು ಕಳೆಯಬೇಕಾದರೆ ಏನೆಲ್ಲ ಬೇಕು, ಅದರಲ್ಲಿ ಸುತ್ತಲಿನವರ ಪಾಲೆಷ್ಟು ಎಂಬುದನ್ನು ಮಾತನಾಡಲು ಇದಕ್ಕಿಂತ ತಕ್ಕ ಜಾಗ ನನಗೆ ತೋಚಲಿಲ್ಲ. ಕಪ್ಪುವರ್ಣೀಯ ಮಹಿಳೆ ಬೆಟ್ಟಿ ರೀಡ್ ಸಾಸ್ಕಿನ್ ಅವರು ರೇಂಜರ್ ಆಗಿ, ಅಂದರೆ ಉದ್ಯಾನದ ಸಿಬ್ಬಂದಿಯಾಗಿ, ಕೆಲಸ ಮಾಡಿದ್ದು ಇಲ್ಲಿಯೇ.

1921ರಲ್ಲಿ ಹುಟ್ಟಿದ ಬೆಟ್ಟಿ, ಯುದ್ಧಕಾಲದಲ್ಲಿ ಇದೇ ಊರಿನಲ್ಲಿ, ಕಾರ್ಮಿಕ ಸಂಘವೊಂದು ಕಪ್ಪುವರ್ಣೀಯರಿಗೆಂದು ಬೇರೆಯಾಗಿಟ್ಟಿದ್ದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. 1945ರಲ್ಲಿ ಪತಿಯೊಡನೆ ಬರ್ಕ್ಲಿಯಲ್ಲಿ ತೆರೆದ ಗ್ರಾಮಫೋನ್ ರೆಕಾರ್ಡುಗಳ ಅಂಗಡಿ 2019ರವರೆಗೂ ನಡೆಯಿತು. ಉದ್ಯಾನದ ಯೋಜನೆ ರೂಪುಗೊಳ್ಳುತ್ತಿದ್ದ ಸಭೆಗಳಿಗೆ ಅವರು ರಾಜ್ಯದ ಶಾಸಕಿಯೊಬ್ಬರ ಪ್ರತಿನಿಧಿಯಾಗಿ ಹೋಗುತ್ತಿದ್ದರು. ಹಡಗುಕಟ್ಟೆಯ ಕೆಲಸಕ್ಕಾಗಿ ಮೊದಲ ಬಾರಿಗೆ ಮನೆಯಿಂದ ಹೊರಬಂದ ಹೆಣ್ಣಿನ ಕಥೆ ಬಿಳಿಯ ಮಹಿಳೆಯರ ಕಥೆಯೇ ಹೊರತು ತಮ್ಮ ಕುಟುಂಬದ ಕಥೆಯಲ್ಲವೆಂದು, ತಮ್ಮ ಕಡೆಯ ಹೆಂಗಸರು ಗುಲಾಮಗಿರಿಯ ಕಾಲದಿಂದಲೂ ಹೊರಗೆ ದುಡಿಯುತ್ತಲೇ ಬಂದಿದ್ದಾರೆಂದು ಅವರು ಸ್ಪಷ್ಟವಾಗಿ ಹೇಳಿದರು. ಅವರ ಮುತ್ತಜ್ಜಿ ಲಿಯೊಂಟಿನ್ 1846ರಲ್ಲಿ ಗುಲಾಮಳಾಗಿ ಹುಟ್ಟಿ 1948ರವರೆಗೆ ಬದುಕಿದ್ದ ಹಿರಿಯ ಜೀವ. 2009ರಲ್ಲಿ ಒಬಾಮ ಅವರ ಪ್ರಮಾಣವಚನ ಸಮಾರಂಭಕ್ಕೆ ಹೋದಾಗ ಬೆಟ್ಟಿಯವರ ಜೇಬಿನಲ್ಲಿದ್ದದ್ದು ಆ ಮುತ್ತಜ್ಜಿಯ ಭಾವಚಿತ್ರ.

ಎಂಬತ್ತು ದಾಟಿದ ಮೇಲೆ ಉದ್ಯಾನದ ಸಮವಸ್ತ್ರ ತೊಟ್ಟ ಈ ಹಿರಿಯರು ಇಲ್ಲಿನ ಪುಟ್ಟ ಸಭಾಂಗಣದಲ್ಲಿ ಕುಳಿತು, ಬಂದವರಿಗೆ ತಾವು ಕಣ್ಣಾರೆ ಕಂಡ ಇತಿಹಾಸವನ್ನು ಹೇಳುತ್ತಿದ್ದರು. 2019ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡ ಮೇಲೆ, ಮೊದಲಿನಷ್ಟು ಹೊತ್ತು ಅಲ್ಲದಿದ್ದರೂ, ಅವರು ಮತ್ತೆ ಕೆಲಸಕ್ಕೆ ಬಂದರು. ನಿವೃತ್ತರಾದದ್ದು 2022ರ ಮಾರ್ಚ್ 31ರಂದು, ತಮ್ಮ ನೂರನೆಯ ವಯಸ್ಸಿನಲ್ಲಿ. ಈ ಕಥೆ ಕೇಳಿದವರೆಲ್ಲ ಎಂಥ ಗಟ್ಟಿಗಿತ್ತಿ ಎಂದು ಉದ್ಗರಿಸುತ್ತಾರೆ, ಅದು ನಿಜವೂ ಹೌದು. ಆದರೆ ಸಭೆಯಲ್ಲಿ ಅವರಿಗೊಂದು ಕುರ್ಚಿ ಇತ್ತು, ಅವರ ಮಾತಿಗೆ ಬೆಲೆ ಕೊಡುವ ಸಹೋದ್ಯೋಗಿಗಳಿದ್ದರು, ಕಾಯಿಲೆ ಬಿದ್ದು ಎದ್ದು ಬಂದಾಗ ಶಕ್ತಿಗೆ ತಕ್ಕಷ್ಟು ಕೆಲಸವೂ ಕಾದಿತ್ತು ಎಂಬುದನ್ನು ನಾವು ಅಷ್ಟೇ ಗಟ್ಟಿಯಾಗಿ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಗಟ್ಟಿತನವನ್ನು ಕೊಂಡಾಡಿ ಹೊರೆಯನ್ನು ಅವರ ತಲೆಯ ಮೇಲೆಯೇ ಬಿಟ್ಟುಬರುವುದು ಸಂಭ್ರಮವೆನಿಸಿಕೊಳ್ಳುವುದಿಲ್ಲ.

ಆ ಹೊರೆ ಎಷ್ಟು ದೊಡ್ಡದೆಂಬುದನ್ನು ವೈದ್ಯಕೀಯ ಸಂಶೋಧನೆಯೇ ತೋರಿಸಿಕೊಟ್ಟಿದೆ. ಸಂಶೋಧಕಿ ಆರ್ಲಿನ್ ಜೆರೋನಿಮಸ್ 1992ರಲ್ಲಿ ಮಂಡಿಸಿದ ವಾದದ ಪ್ರಕಾರ, ಜನಾಂಗೀಯ ತಾರತಮ್ಯವನ್ನೂ ಬಡತನವನ್ನೂ ದಿನನಿತ್ಯ ಎದುರಿಸುತ್ತಾ ಬಾಳುವ ಒತ್ತಡವು ಕಪ್ಪುವರ್ಣೀಯ ಮಹಿಳೆಯರ ದೇಹವನ್ನು ವಯಸ್ಸಿಗೆ ಮುಂಚೆಯೇ ಸವೆಸಿಬಿಡುತ್ತದೆ. ಈ ದೇಶದಲ್ಲಿ ಬಿಳಿಯ ಮಹಿಳೆಯರಿಗಿಂತ ಕಪ್ಪುವರ್ಣೀಯ ಮಹಿಳೆಯರಿಗೆ ರಕ್ತದೊತ್ತಡ ಹೆಚ್ಚಾಗಿ ಮತ್ತು ಬೇಗ ಬರುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಬಿಸಿಯೇರಿ ಬೆವರುವ ತೊಂದರೆಯನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅದರಂತೆ ಆ ತೊಂದರೆಯ ಮಧ್ಯಮ ಅವಧಿ ಬಿಳಿಯ ಮಹಿಳೆಯರಲ್ಲಿ 6.5 ವರ್ಷವಾದರೆ ಕಪ್ಪುವರ್ಣೀಯರಲ್ಲಿ 10.1 ವರ್ಷ. ನಿದ್ದೆಗೆಟ್ಟು ಹತ್ತು ವರ್ಷ ದುಡಿಯುವುದೆಂದರೇನು ಎಂಬುದನ್ನು, ಈ ನಿರೂಪಣೆ ಕೇಳುತ್ತಿರುವ ನಲವತ್ತು ದಾಟಿದ ಅಕ್ಕಂದಿರಿಗೆ ನಾನು ವಿವರಿಸಬೇಕಾಗಿಲ್ಲ.

ಹಣದ ಮಾತೂ ಇದೆ. 1935ರಲ್ಲಿ ಅಮೆರಿಕ ಸರ್ಕಾರ ವೃದ್ಧಾಪ್ಯದ ಪಿಂಚಣಿ ಯೋಜನೆಯನ್ನು ತಂದಾಗ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಅದರಿಂದ ಹೊರಗಿಟ್ಟಿತು. ಅಂದು ದುಡಿಯುತ್ತಿದ್ದ ಕಪ್ಪುವರ್ಣೀಯ ಹೆಂಗಸರಲ್ಲಿ ಬಹುಪಾಲಿನವರು ಮಾಡುತ್ತಿದ್ದದ್ದು ಈ ಎರಡು ಕೆಲಸಗಳನ್ನೇ. ಆ ನಿಯಮ ಬದಲಾಗಲು 1950ರ ದಶಕ ಬರಬೇಕಾಯಿತು. ಅಜ್ಜಿಗೆ ಪಿಂಚಣಿ ಇಲ್ಲದಿದ್ದರೆ ಮಗಳ ಸಂಬಳ ಅಜ್ಜಿಯ ಔಷಧಿಗೆ ಹೋಗುತ್ತದೆ, ಆಗ ಮೊಮ್ಮಗಳಿಗೆಂದು ಉಳಿಯುವುದು ಬಹಳ ಕಡಿಮೆ.

ಇನ್ನು ನಾನು ಬಹಳವಾಗಿ ಗೌರವಿಸುವ ಒಬ್ಬರ ಬಗ್ಗೆ ಹೇಳುತ್ತೇನೆ. ನ್ಯೂಯಾರ್ಕಿನ ಐಡಾ ಕೀಲಿಂಗ್ ಇಬ್ಬರು ಬೆಳೆದ ಗಂಡುಮಕ್ಕಳನ್ನು ಕಳೆದುಕೊಂಡು, ಖಿನ್ನತೆ ಮತ್ತು ರಕ್ತದೊತ್ತಡದಿಂದ ಬಳಲುತ್ತಿದ್ದಾಗ, 67ನೇ ವಯಸ್ಸಿನಲ್ಲಿ ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ಓಟಕ್ಕೆ ಇಳಿದರು. 2016ರಲ್ಲಿ, ನೂರು ತುಂಬಿದ್ದಾಗ, ಪೆನ್ ರಿಲೇಸ್ ಕೂಟದಲ್ಲಿ 100 ಮೀಟರ್ ದೂರವನ್ನು 1 ನಿಮಿಷ 17.33 ಸೆಕೆಂಡುಗಳಲ್ಲಿ ಕ್ರಮಿಸಿದರು. ಆ ಓಟದ ಹಿಂದೆ ಒಬ್ಬ ಮಗಳಿದ್ದಾಳೆ. ಅಮ್ಮನಿಗೆ ಸಮಾಧಾನ ಹೇಳಿ ಸುಮ್ಮನಾಗದೆ, ಕೈಹಿಡಿದು ಮನೆಯಿಂದ ಹೊರಗೆ ಕರೆತಂದವಳು ಅವಳು. ಇಂಥ ಕೈಹಿಡಿಯುವಿಕೆಯನ್ನೇ ದೇಶದಗಲಕ್ಕೆ ಹಬ್ಬಿಸಿದವರು ಗರ್ಲ್‌ಟ್ರೆಕ್ ಸಂಸ್ಥೆಯನ್ನು ಕಟ್ಟಿದ ಟಿ. ಮಾರ್ಗನ್ ಡಿಕ್ಸನ್ ಮತ್ತು ವನೆಸಾ ಗ್ಯಾರಿಸನ್. ದಿನಕ್ಕೆ ಅರ್ಧ ಗಂಟೆ, ತಮ್ಮದೇ ಬೀದಿಯಲ್ಲಿ, ಜೊತೆಗಾತಿಯರೊಡನೆ ನಡೆಯಿರಿ ಎಂಬ ಅವರ ಸರಳ ಕರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪುವರ್ಣೀಯ ಮಹಿಳೆಯರು ಓಗೊಟ್ಟಿದ್ದಾರೆ.

ಈಗ ಪರದೆಯ ಮೇಲೆ ಕಾಣುತ್ತಿರುವ ಈ ಅಡುಗೆಮನೆ ನಮ್ಮ ಬೀದಿಯ ಕಪ್ಪುವರ್ಣೀಯ ಹಿರಿಯ ಮಹಿಳೆಯೊಬ್ಬರದು. ಚಿತ್ರೀಕರಣಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಬೇಡವೆಂದಿದ್ದಾರೆ. ನಾವು ಹರಿವೆ ಸೊಪ್ಪನ್ನು ಬಿಡಿಸುವಂತೆಯೇ ಅವರು ಕೊಲಾರ್ಡ್ ಸೊಪ್ಪಿನ ದಪ್ಪ ದಂಟನ್ನು ಬೇರ್ಪಡಿಸಿ, ಮಣ್ಣು ಹೋಗುವವರೆಗೂ ನೀರು ಬದಲಿಸಿ ತೊಳೆಯುತ್ತಿದ್ದಾರೆ. ತಾಯಿಯ ಕಾಲದಲ್ಲಿ ಇದಕ್ಕೆ ಉಪ್ಪು ಹಾಕಿಟ್ಟ ಹಂದಿಮಾಂಸ ಬೀಳುತ್ತಿತ್ತು. ಈಗ ಅದರ ಬದಲು ಈರುಳ್ಳಿ, ಬೆಳ್ಳುಳ್ಳಿ, ಸ್ವಲ್ಪ ವಿನೆಗರ್. ಮೇಜಿನ ಮೇಲೆ ರಕ್ತದೊತ್ತಡ ಅಳೆಯುವ ಯಂತ್ರದ ಪಕ್ಕದಲ್ಲಿರುವ ಗೆರೆ ಪುಸ್ತಕದಲ್ಲಿ ಬೆಳಗಿನದಕ್ಕೊಂದು ಸಾಲು, ಸಂಜೆಯದಕ್ಕೊಂದು ಸಾಲು ಇದೆ. ಹಿಂದೊಮ್ಮೆ ಎದೆನೋವೆಂದು ಆಸ್ಪತ್ರೆಗೆ ಹೋದಾಗ ಗಾಬರಿಯಿಂದ ಹಾಗಾಗಿದೆಯೆಂದು ಹೇಳಿ ಮನೆಗೆ ಕಳುಹಿಸಿದ್ದರಂತೆ. ಅಂದಿನಿಂದ ಪ್ರತಿ ಸಲವೂ ಮೊಮ್ಮಗಳು ಈ ಪುಸ್ತಕ ಹಿಡಿದು ಜೊತೆಗೆ ಹೋಗಿ, ವೈದ್ಯರು ಹೇಳಿದ್ದನ್ನು ಅವರೆದುರೇ ಬರೆದುಕೊಳ್ಳುತ್ತಾಳೆ.

ಇದನ್ನು ಹೇಳುವಾಗ ಈ ದೇಶದ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಕನ್ನಡದ ವೈದ್ಯರು, ದಾದಿಯರು ನನ್ನ ಕಣ್ಣ ಮುಂದಿದ್ದಾರೆ. ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆಗೆ ಉತ್ತರಿಸಿದ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಕಪ್ಪುವರ್ಣೀಯರ ಚರ್ಮ ಹೆಚ್ಚು ದಪ್ಪವೆಂಬಂಥ ಒಂದಾದರೂ ಸುಳ್ಳನ್ನು ನಂಬಿದ್ದರು. ಹಾಗೆ ನಂಬಿದವರು ಕಪ್ಪುವರ್ಣೀಯರ ನೋವನ್ನು ಕಡಿಮೆ ಅಂದಾಜು ಮಾಡಿದರು. ದಯವಿಟ್ಟು ಮುಂದಿನ ಸಲ ನಿಮ್ಮೆದುರು ಕುಳಿತ ಹಿರಿಯ ಮಹಿಳೆ ನೋವೆಂದಾಗ ಆ ಮಾತನ್ನು ನಂಬುವುದರಿಂದಲೇ ಆರಂಭಿಸಿ.

ಊರಲ್ಲಿರುವವರಿಗೂ ಇದು ದೂರದ ವಿಷಯವಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಅಜ್ಜಿಯರಿದ್ದಾರೆ, ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಮಕ್ಕಳು ಮೊಮ್ಮಕ್ಕಳಿಗೆ ಅವರು ಹೊಲಿಯುವ ಕೌದಿಗಳಿವೆ. ಆ ಕೌದಿಯ ಚಿತ್ರ ಹಂಚಿಕೊಂಡು ಮೆಚ್ಚುವವರು ಅದಕ್ಕೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಲೂಬೇಕು, ಹೊಲಿದವರ ಹೆಸರು ಕೇಳಿ ತಿಳಿದುಕೊಳ್ಳಲೂಬೇಕು.

ನಮ್ಮ ನೆರೆಯ ಹಿರಿಯರಿಗೆ ಬರುವ ಸೆಪ್ಟೆಂಬರಿನಲ್ಲಿ ಎಂಬತ್ತು ತುಂಬುತ್ತದೆ. ಚರ್ಚಿನ ಗೆಳತಿಯರು, ನಡಿಗೆಯ ಜೊತೆಗಾತಿಯರು, ಬೀದಿಯ ನಾವೆಲ್ಲ ಸೇರಿ ಕೆಲಸ ಹಂಚಿಕೊಂಡಿದ್ದೇವೆ. ಕೋಸಂಬರಿ ಮತ್ತು ಚಿತ್ರಾನ್ನ ನನ್ನ ಪಾಲಿಗೆ ಬಂದಿವೆ. ಆ ದಿನ ಅಜ್ಜಿ ಅಡುಗೆಮನೆಗೆ ಕಾಲಿಡಕೂಡದೆಂದು ಮೊಮ್ಮಗಳು ಈಗಾಗಲೇ ಕಟ್ಟಪ್ಪಣೆ ಮಾಡಿದ್ದಾಳೆ.