ಪಕ್ಕದಲ್ಲಿ ನಿಂತವರನ್ನು ನೋಡಿ

ಕೇಳುಗರಿಗೆ ನಮಸ್ಕಾರ. ಸಿನಿಮಾ ನೋಡಿ ಬಂದವರನ್ನು ಕೇಳಿ, ನಾಯಕಿ ಉಟ್ಟಿದ್ದ ಬಟ್ಟೆಯ ಬಣ್ಣವನ್ನೂ ಹೇಳುತ್ತಾರೆ. ಅವಳ ಮನೆಕೆಲಸದವಳಾಗಿ ಬಂದವರು ಯಾರು? ಗೊತ್ತಿಲ್ಲ. ನನ್ನ ತಕರಾರು ಅದೇ. ಪಕ್ಕದಲ್ಲಿ ನಿಂತವರನ್ನು ನೋಡಿ ಸ್ವಾಮಿ! ಅದಕ್ಕೇ ಇವತ್ತು ಅಮೆರಿಕದ ಪೋಷಕ ನಟಿ ಥೆಲ್ಮಾ ರಿಟ್ಟರ್ ಬಗ್ಗೆ ಹೇಳುತ್ತೇನೆ.

ಹುಟ್ಟಿದ್ದು 1902ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ನಾಟಕ ಕಲಿತರು, ಆಡಿದರು. ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೆ ರಂಗ ಬಿಟ್ಟರು. ಆಮೇಲೆ ಮತ್ತೆ ಕೆಲಸ ಶುರು ಮಾಡಿದ್ದು ಎಲ್ಲಿ ಗೊತ್ತಾ? ರೇಡಿಯೋದಲ್ಲಿ. ಮೈಕಿನ ಮುಂದೆ ಕೂತು ಇದನ್ನು ಹೇಳುವಾಗ ನನಗೆ ಸ್ವಲ್ಪ ಜಾಸ್ತಿನೇ ಖುಷಿ.

ಮೊದಲ ಸಿನಿಮಾ ತೆರೆಗೆ ಬಂದಾಗ ಅವರಿಗೆ 45 ವರ್ಷ. 1947ರ ‘ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್’. ಮೇಸೀಸ್ ಎಂಬ ದೊಡ್ಡ ಅಂಗಡಿ, ಕ್ರಿಸ್‌ಮಸ್ ಗದ್ದಲ. ಒಬ್ಬ ಹುಡುಗ ಸಾಂತಾಕ್ಲಾಸ್ ತೊಡೆಯೇರಿ, ನಿಜವಾಗಿ ನೀರು ಚಿಮ್ಮುವ ಆಟಿಕೆ ಫೈರ್ ಇಂಜಿನ್ ಬೇಕು ಅನ್ನುತ್ತಾನೆ. ಅದು ಎಲ್ಲೂ ಸಿಗದೆ ಸುತ್ತಿ ಸುಸ್ತಾದ ತಾಯಿ ಹಿಂದಿನಿಂದ ಬೇಡ ಬೇಡ ಎಂದು ಸನ್ನೆ ಮಾಡುತ್ತಾಳೆ. ತಾತ ಮಾತು ಕೊಟ್ಟೇಬಿಡುತ್ತಾನೆ! ತಾಯಿಗೆ ಕೋಪ. ಆಗ ಅವನು, ಬೇರೆ ಅಂಗಡಿಯಲ್ಲಿ ಸಿಗುತ್ತದೆ ನೋಡಮ್ಮ ಎಂದು ವಿಳಾಸ, ಬೆಲೆ ಎರಡೂ ಹೇಳುತ್ತಾನೆ. ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುವ ಅಂಗಡಿ ಉಂಟೇ? ಆ ತಾಯಿಯೇ ನಮ್ಮ ಥೆಲ್ಮಾ, ಆಗ ಅವರ ಮುಖ ನೋಡಬೇಕು. ಕೋಪ, ಅನುಮಾನ, ಬೆರಗು, ಒಂದರ ಹಿಂದೆ ಒಂದು. ಆಮೇಲೆ ಅಂಗಡಿಯವನನ್ನು ಹಿಡಿದು, ಇನ್ಮೇಲೆ ನಾನು ನಿಮ್ಮ ಖಾಯಂ ಗಿರಾಕಿ ಅನ್ನುತ್ತಾಳೆ. ಇದೆಲ್ಲ ಕೆಲವೇ ನಿಮಿಷ. ಹೆಸರಿನ ಪಟ್ಟಿಯಲ್ಲಿ ಥೆಲ್ಮಾ ಇಲ್ಲವೇ ಇಲ್ಲ! ಆದರೆ ಸ್ಟುಡಿಯೋದ ಯಜಮಾನ ಜಾನುಕ್ ಕಣ್ಣಿಗೆ ಅವರು ಬಿದ್ದರು. ಅವನು ಪಕ್ಕದಲ್ಲಿ ನಿಂತವರನ್ನು ನೋಡಿದ, ನೋಡಿ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. 1950ರಿಂದ 1953ರವರೆಗೆ, ವರ್ಷಕ್ಕೊಂದರಂತೆ ನಾಲ್ಕು ಚಿತ್ರಗಳ ನಟನೆಗೆ ಆಸ್ಕರ್ ನಾಮನಿರ್ದೇಶನ. ಮುಂದೆ ಇನ್ನೆರಡು. ಒಟ್ಟು ಆರು, ಗೆದ್ದದ್ದು ಸೊನ್ನೆ. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. 1953ರ ಚಿತ್ರದಲ್ಲಿ ಅವರು ಟೈ ಮಾರುವ, ಪೊಲೀಸರಿಗೆ ಸುಳಿವನ್ನೂ ಮಾರುವ ಬಡವಿ. ಅನಾಥರ ಗುಂಡಿಗೆ ಬೀಳಬಾರದೆಂದು ತನ್ನ ಸಮಾಧಿಗೆ ತಾನೇ ಕಾಸು ಕೂಡಿಡುತ್ತಾಳೆ. 1958ರಲ್ಲಿ ಸಂಗೀತ ನಾಟಕವೊಂದರ ನಟನೆಗೆ ಟೋನಿ ಎಂಬ ಅಮೆರಿಕದ ರಂಗಭೂಮಿ ಪ್ರಶಸ್ತಿ ಬಂತು, ಅಷ್ಟು ಸಮಾಧಾನ. 1969ರಲ್ಲಿ ತೀರಿಕೊಂಡರು.

ನಿರ್ದೇಶಕ ಹಿಚ್‌ಕಾಕ್‌ನ ‘ರಿಯರ್ ವಿಂಡೋ’ ಸಿನಿಮಾ ಸಿಕ್ಕಿದರೆ ನೋಡಿ. ನಾಯಕಿ ಗ್ರೇಸ್ ಕೆಲ್ಲಿಯನ್ನು ಎರಡನೇ ಸಲ ನೋಡಿದರಾಯಿತು. ಮೊದಲು ನರ್ಸ್ ಸ್ಟೆಲ್ಲಾ ಆಗಿ ಬರುವ ಥೆಲ್ಮಾರನ್ನು ನೋಡಿ. ಕಾಲು ಮುರಿದ ಸಾಹೇಬ ತಿಂಡಿ ತಿನ್ನುತ್ತಿದ್ದಾನೆ. ಎದುರು ಮನೆಯವನು ಹೆಣವನ್ನು ಎಲ್ಲಿ ಕತ್ತರಿಸಿರಬಹುದು, ಬಚ್ಚಲ ತೊಟ್ಟಿಯಲ್ಲೇ ಇರಬೇಕು, ರಕ್ತ ತೊಳೆಯಬೇಕಲ್ಲ, ಅಂತ ಈಕೆ ನಿರಾಳವಾಗಿ ಮಾತಾಡುತ್ತಾಳೆ. ಸಾಹೇಬನಿಗೆ ತುತ್ತು ಇಳಿಯುವುದಿಲ್ಲ.