ಹಳೆಯ ಟಿ.ವಿ.ಯ ಒಳಗನ್ನೂ ಉಳಿಸಿಕೊಳ್ಳೋಣ

ನಮಸ್ಕಾರ. ಎಳೆದು ಮುಚ್ಚುವ ಶಟರ್ ಇರುವ ಮರದ ಪೆಟ್ಟಿಗೆಯ ಕಪ್ಪು-ಬಿಳುಪು ಟಿ.ವಿ. ಅಟ್ಟದಿಂದ ಕೆಳಗಿಳಿದಾಗ ಬಹಳ ಜನರಿಗೆ ಸಿಗುವ ಸಲಹೆ, ಒಳಗಿನದನ್ನೆಲ್ಲ ಕಿತ್ತು ಚೈನಾ ಕಿಟ್ (ಚೀನಾದ ಸಿದ್ಧ ಸರ್ಕ್ಯೂಟ್ ಬೋರ್ಡ್) ಹಾಕಿಸಿ, ಇಲ್ಲವೇ ಎಲ್‌ಸಿಡಿ ಕೂರಿಸಿ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಪೆಟ್ಟಿಗೆ ಉಳಿಯುತ್ತದೆ, ಆದರೆ ಸೆಕೆಂಡಿಗೆ 15,625 ಗೆರೆ ಎಳೆದು 25 ಚಿತ್ರಗಳನ್ನು ಕಟ್ಟುತ್ತಿದ್ದ ಯಂತ್ರ ಗುಜರಿ ಸೇರುತ್ತದೆ.

ನನ್ನ ಮಾತು ಮುಖ್ಯವಾಗಿ ವಾಲ್ವ್ (ಬಿಸಿಯಾಗಿ ಕೆಲಸ ಮಾಡುವ ಗಾಜಿನ ನಿರ್ವಾತ ಕೊಳವೆ) ಮತ್ತು ಟ್ರಾನ್ಸಿಸ್ಟರ್ ಎರಡೂ ಇದ್ದ ಹೈಬ್ರಿಡ್ ಸೆಟ್‌ಗಳ ಬಗ್ಗೆ. ವಾಲ್ವನ್ನೂ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬನ್ನೂ ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸುತ್ತಿತ್ತು ಎಂಬುದನ್ನು ನೆನೆದರೆ, ಅವನ್ನು ಕಸವೆಂದು ಎಸೆಯಲು ಕೈ ಬರುವುದಿಲ್ಲ.

ವರ್ಷಗಟ್ಟಲೆ ಸುಮ್ಮನಿದ್ದ ಇಂಥ ಸೆಟ್ಟನ್ನು 'ಓಡುತ್ತದೆಯೋ ನೋಡೋಣ' ಎಂದು ನೇರವಾಗಿ ಪ್ಲಗ್ಗಿಗೆ ಹಾಕುವುದು ಅದಕ್ಕೆ ಮಾಡುವ ದೊಡ್ಡ ಕೇಡು. ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಒಳಗಿರುವ, ಕರೆಂಟ್ ಸೋರದಂತೆ ತಡೆಯುವ ಆಕ್ಸೈಡ್ ಪದರ ಬಳಕೆಯಿಲ್ಲದೆ ಶಿಥಿಲವಾಗಿರುತ್ತದೆ. ಕಾಗದದ ಕೆಪ್ಯಾಸಿಟರುಗಳು ತೇವ ಹೀರಿ ಲೀಕ್ ಆಗಿರುತ್ತವೆ, ಅಂದರೆ ತಡೆಯಬೇಕಾದ ಕರೆಂಟನ್ನು ಸೋರಬಿಡುತ್ತವೆ. ಪರದೆಯ ಅಡ್ಡಗೆರೆಗಳನ್ನು ಎಳೆಯುವ, ಪಿಎಲ್ 504ರಂಥ ಲೈನ್ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ), ಕಂಪನ ಹುಟ್ಟಿಸುವ ಆಸಿಲೇಟರಿನಿಂದ ಸಿಗ್ನಲ್ ಒಯ್ಯುವ ಚಿಕ್ಕ ಕೆಪ್ಯಾಸಿಟರನ್ನೇ ನೋಡಿ. ಅದು ಲೀಕ್ ಆದರೆ ಗ್ರಿಡ್ಡಿನಲ್ಲಿರಬೇಕಾದ ಋಣ ವೋಲ್ಟೇಜ್ ಇಲ್ಲವಾಗಿ, ವಾಲ್ವು ಮಿತಿಮೀರಿ ಕರೆಂಟ್ ಎಳೆದು, ಅದರ ಪ್ಲೇಟ್ ಕೆಂಪಗೆ ಕಾಯುತ್ತದೆ. ಕೊನೆಗೆ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಲವೇ ರೂಪಾಯಿಗಳ ಬಿಡಿಭಾಗಕ್ಕಾಗಿ, ಇಂದು ಹುಡುಕಿದರೂ ಸಿಗದ ಟ್ರಾನ್ಸ್‌ಫಾರ್ಮರ್ ಬಲಿಯಾಗುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಆದ್ದರಿಂದ ಮೊದಲು ಇಂಥ ಕೆಪ್ಯಾಸಿಟರುಗಳನ್ನೂ ಲೈನ್ ಔಟ್‌ಪುಟ್ ಭಾಗದ ಹೆಚ್ಚುವರಿ ವೋಲ್ಟೇಜನ್ನು ಹಿಡಿದಿಡುವ ಬೂಸ್ಟ್ ಕೆಪ್ಯಾಸಿಟರನ್ನೂ ಬದಲಿಸಿ, ಮೌಲ್ಯ ಏರಿಹೋದ ಹಳೆಯ ಕಾರ್ಬನ್ ರೆಸಿಸ್ಟರುಗಳನ್ನು ಮೀಟರಿನಿಂದ ಅಳೆದು, ಆಮೇಲಷ್ಟೇ ಸೀರೀಸ್ ಬಲ್ಬಿನ (ಕರೆಂಟ್ ಮಿತಿಮೀರದಂತೆ ಸೆಟ್ಟಿನೊಂದಿಗೆ ಒಂದೇ ಸಾಲಿನಲ್ಲಿ ಜೋಡಿಸಿದ ಬಲ್ಬಿನ) ಮೂಲಕ ಕರೆಂಟ್ ಕೊಡಬೇಕು. ವಾಲ್ವುಗಳನ್ನೆಲ್ಲ ಒಮ್ಮೆಲೇ ಬದಲಿಸುವ ಅವಸರ ಬೇಡ, ಏಕೆಂದರೆ ಎಷ್ಟೋ ವಾಲ್ವುಗಳು ಇನ್ನೂ ಗಟ್ಟಿಯಾಗಿರುತ್ತವೆ. ಅವುಗಳ ಹೀಟರುಗಳು ದೀಪಾವಳಿಯ ಸೀರಿಯಲ್ ಸೆಟ್ಟಿನಂತೆ ಒಂದೇ ಸಾಲಿನಲ್ಲಿರುವುದರಿಂದ, ಒಂದು ಸತ್ತರೆ ಎಲ್ಲವೂ ಕತ್ತಲಾಗುತ್ತವೆ. ಹಾಗಾದಾಗ ಹುಡುಕಬೇಕಾದದ್ದು ಆ ಒಂದನ್ನು ಮಾತ್ರ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಇಂಥ ಬಹಳಷ್ಟು ಸೆಟ್ಟುಗಳ ಚಾಸಿ (ಒಳಗಿನ ಲೋಹದ ಚೌಕಟ್ಟು) ನೇರವಾಗಿ ಮೇನ್ಸಿಗೆ ಸೇರಿರುತ್ತದೆ. ಪ್ಲಗ್ ತಿರುವುಮುರುವಾದರೆ ಇಡೀ ಲೋಹದಲ್ಲಿ 230 ವೋಲ್ಟ್ ಇರುತ್ತದೆ. ಪಿಕ್ಚರ್ ಟ್ಯೂಬಂತೂ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದವರು, ಟ್ಯೂಬನ್ನು ಡಿಸ್ಚಾರ್ಜ್ ಮಾಡಲು ಬಾರದವರು ದಯವಿಟ್ಟು ಹಿಂದಿನ ಮುಚ್ಚಳ ತೆಗೆಯದೆ, ಬಲ್ಲವರ ಕೈಗೆ ಕೊಡಿ.

ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಈಗ ಬಹುಪಾಲು ನಿಂತಿರುವುದರಿಂದ ಇದೆಲ್ಲ ವ್ಯರ್ಥ ಎನ್ನುವವರಿದ್ದಾರೆ. ಆದರೆ ಸೆಟ್‌ಟಾಪ್ ಬಾಕ್ಸಿನ ವಿಡಿಯೊ ಮತ್ತು ಆಡಿಯೊವನ್ನು ಆ ಟಿ.ವಿ. ಹಿಡಿಯಬಲ್ಲ ಚಾನೆಲ್ಲಿಗೆ ಬದಲಿಸುವ ಚಿಕ್ಕ ಆರ್‌ಎಫ್ ಮಾಡ್ಯುಲೇಟರೊಂದನ್ನು ಹಿಂದಿನ ಆಂಟೆನಾ ಸಾಕೆಟ್ಟಿಗೆ ಜೋಡಿಸಿದರೆ, ಹಳೆಯ ಟ್ಯೂಬಿನ ಮೇಲೆಯೇ ಚಿತ್ರ ಮೂಡುತ್ತದೆ. ಅದಕ್ಕಾಗಿ ಸೆಟ್ಟಿನ ಒಳಗೆ ಒಂದು ತಂತಿಯನ್ನೂ ಬದಲಿಸಬೇಕಾಗಿಲ್ಲ.