ಕುದುರೆ ಬೇಲಿ ಮೊದಲು ಕಾಣಬೇಕು, ಆಮೇಲೆ ಕಚ್ಚಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಕರೆಂಟ್ ಬೇಲಿ ಅಂದ ಕೂಡಲೇ ನೆನಪಿಗೆ ಬರುವುದು ಆನೆ, ಕಾಡುಹಂದಿ. ಕೊಡಗು, ಹಾಸನ, ಚಾಮರಾಜನಗರದ ಕಡೆಯ ಮಕ್ಕಳಿಗೂ ಸೋಲಾರ್ ಬೇಲಿ ಗೊತ್ತು. ಅದೇ ಅಂಗಡಿಗೆ ಹೋಗಿ, ಬೇಲಿಗೆ ಶಾಕ್ ಕಳಿಸುವ ಅದೇ ಝಟಕಾ ಮಷಿನ್, ಅದೇ ಉಕ್ಕಿನ ತಂತಿ ತಂದು ಕುದುರೆ ಬಿಡುವ ಜಾಗಕ್ಕೂ ಸುತ್ತಿಬಿಟ್ಟರೆ ಆಯಿತು ಅನ್ನುವವರು ಬಹಳ ಜನ. ತಪ್ಪು ಶುರುವಾಗುವುದೇ ಅಲ್ಲಿ. ಆನೆ ಬೇಲಿಯ ಹತ್ತಿರ ನಿಧಾನಕ್ಕೆ ಬರುತ್ತದೆ, ನೋಡುತ್ತದೆ, ಸೊಂಡಿಲಿನಿಂದ ಪರೀಕ್ಷೆ ಮಾಡುತ್ತದೆ. ಕುದುರೆ ಹಾಗಲ್ಲ. ಪಕ್ಕದ ತೋಟದಲ್ಲಿ ಪಟಾಕಿ ಸಿಡಿದರೆ ಮೊದಲು ಓಡುತ್ತದೆ, ಏನಾಯಿತು ಅಂತ ನೋಡುವುದು ಆಮೇಲೆ. ಆ ಓಟದಲ್ಲಿ ಎರಡೂವರೆ ಮಿಲಿಮೀಟರ್ ದಪ್ಪದ ತಂತಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಡಿಕ್ಕಿ ಹೊಡೆದ ಮೇಲೆ ಆ ತಂತಿ ತುಂಡಾಗುವುದೂ ಇಲ್ಲ. ಚರ್ಮ ಸೀಳಿಕೊಂಡು ಹೋಗುತ್ತದೆ. ಮೊಣಕಾಲಿನ ಕೆಳಗೆ ಕುದುರೆಗೆ ಮಾಂಸಖಂಡವೇ ಇಲ್ಲ, ಇರುವುದು ಎಲುಬು, ಸ್ನಾಯುರಜ್ಜು, ಚರ್ಮ ಅಷ್ಟೆ. ಅಲ್ಲಿ ಆದ ಗಾಯ ತಿಂಗಳುಗಟ್ಟಲೆ ಕಾಡುತ್ತದೆ. ಮೇಲಾಗಿ ಸಾಕುಪ್ರಾಣಿಗಳಲ್ಲಿ ಧನುರ್ವಾಯು ಅತಿ ಸುಲಭವಾಗಿ ತಗಲುವುದು ಕುದುರೆಗೇ.

ಆದ್ದರಿಂದ ಕುದುರೆ ಬೇಲಿಯ ಮೊದಲ ಕೆಲಸ ಕಾಣಿಸಿಕೊಳ್ಳುವುದು, ಶಾಕ್ ಎರಡನೆಯದು. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇವೆ: ದುಡ್ಡನ್ನು ಮಷಿನ್ ಮೇಲೆ ಸುರಿಯಬೇಡಿ, ತಂತಿಯ ಬದಲು ಕಟ್ಟುವ, ಲೋಹದ ಎಳೆ ಸೇರಿಸಿ ನೇಯ್ದ ಪಟ್ಟಿಯ ಮೇಲೆ ಮತ್ತು ಅರ್ಥಿಂಗ್ ಮೇಲೆ ಹಾಕಿ. ಯಾಕೆ ಅನ್ನುವುದಕ್ಕೆ ಲೆಕ್ಕ ಕೊಡುತ್ತೇವೆ.

ಕಣ್ಣಿನ ವಿಷಯ ಮೊದಲು. ಕುದುರೆಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ಹಸಿರುಗಳ ವ್ಯತ್ಯಾಸ ತಿಳಿಯುವುದಿಲ್ಲ. ಹಸಿರು ಹಗ್ಗ ತೋಟಕ್ಕೆ ಅಂದವಾಗಿ ಒಪ್ಪಬಹುದು, ಆದರೆ ಆ ಅಂದ ಕುದುರೆಗೆ ಬೇಡ. ಬಿಳಿ ತಗೊಳ್ಳಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಹಿನ್ನೆಲೆ ಬೆಳ್ಳಗಾಗುವ ಕಡೆ, ಬಿಳಿಯ ನಡುವೆ ನೀಲಿ ಗೆರೆ ಇರುವುದು ಒಳ್ಳೆಯದು.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ತೆಳು ದಾರದಂಥ ಪಾಲಿವೈರ್: ಕಾಣುವುದಿಲ್ಲ, ಕುದುರೆಗೆ ಬೇಡ. 20 ಅಥವಾ 40 ಮಿಲಿಮೀಟರ್ ಅಗಲದ ಪಟ್ಟಿ: ಚೆನ್ನಾಗಿ ಕಾಣುತ್ತದೆ, ಬಲವಾಗಿ ಎಳೆದರೆ ತುಂಡಾಗುತ್ತದೆ, ಅದು ಒಳ್ಳೆಯ ಗುಣವೇ. ಒಳಗೆ ಲೋಹದ ಎಳೆ ಇರುವ 6 ಮಿಲಿಮೀಟರ್ ದಪ್ಪದ ಹಗ್ಗ: ಗಾಳಿಗೆ ಬಡಿದಾಡುವುದಿಲ್ಲ, ಬಹಳ ಕಾಲ ಬಾಳುತ್ತದೆ, ಆದರೆ ಸುಲಭಕ್ಕೆ ತುಂಡಾಗದು. ಕೊನೆಯದು ಉಕ್ಕಿನ ತಂತಿಗೆ ಕರೆಂಟ್ ಹಾಯುವಂಥ ದಪ್ಪ ಪ್ಲಾಸ್ಟಿಕ್ ಕವಚ ಹಾಕಿದ್ದು: ಬಾಳಿಕೆಯಲ್ಲಿ ಇದನ್ನು ಮೀರಿಸುವುದು ಇಲ್ಲ, ಆದರೆ ಬಿಗಿ ಎಳೆದು ಕಟ್ಟಲು ಗಟ್ಟಿ ಮೂಲೆಕಂಬ ಬೇಕು, ಖರ್ಚೂ ಹೆಚ್ಚು. ಬಯಲುಗಾಳಿ ಜೋರಾಗಿರುವ ಚಿತ್ರದುರ್ಗ, ಗದಗದ ಕಡೆಗೆ ನಮ್ಮ ಸಲಹೆ ಇದು: ಮೇಲಿನ ಒಂದು ಸಾಲು 40ರ ಪಟ್ಟಿ, ಕೆಳಗಿನ ಎರಡು ಸಾಲು ಹಗ್ಗ. ಕಾಣುವ ಕೆಲಸ ಪಟ್ಟಿಯದು, ತಡೆಯುವ ಕೆಲಸ ಹಗ್ಗದ್ದು.

ಇಲ್ಲಿ ಮೇಜಿನ ಮೇಲೆ ಇರುವ ಪಟ್ಟಿ ತುಂಡನ್ನು ಹತ್ತಿರ ಬಂದು ನೋಡಿ. ಹೊರಗಿಂದ ಚೆನ್ನಾಗಿಯೇ ಇದೆ. ಕಂಬಕ್ಕೆ ಕರೆಂಟ್ ಹೋಗದಂತೆ ತಡೆಯುವ ಇನ್ಸುಲೇಟರ್ ಹಿಡಿದಿದ್ದ ಜಾಗವನ್ನು ಮಡಚಿ ನೋಡಿ, ಒಳಗಿನ ಲೋಹದ ಎಳೆಗಳು ಕೂದಲಿನಂತೆ ಮುರಿದು ನಿಂತಿವೆ. ನೇಯ್ಗೆ ಗಟ್ಟಿಯಿದೆ, ಕರೆಂಟ್ ಮಾತ್ರ ದಾಟುವುದಿಲ್ಲ. ಸಡಿಲವಾಗಿ ಕಟ್ಟಿದ ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಂಡು, ಒಂದೇ ಕಡೆ ಸಾವಿರಾರು ಸಲ ಮಡಚಿ ಹೀಗಾಗುತ್ತದೆ. ಇದಕ್ಕೆ ಎರಡು ಉಪಾಯ. ಪಟ್ಟಿಯನ್ನು ಜಾರಲು ಬಿಡದೆ ಕಚ್ಚಿ ಹಿಡಿಯುವ ಇನ್ಸುಲೇಟರ್ ಬಳಸಿ. ಎರಡು ಕಂಬಗಳ ನಡುವೆ ಪಟ್ಟಿಗೆ ಒಂದೇ ಒಂದು ತಿರುವು ಕೊಡಿ. ಗಾಳಿ ಆಗ ಪಟ್ಟಿಯನ್ನು ಹಾಯಿಯಂತೆ ಹಿಡಿಯುವುದಿಲ್ಲ.

ಈಗ ಲೆಕ್ಕ. ರೋಲ್ ಮೇಲಿನ ಚೀಟಿಯಲ್ಲಿ ಎಷ್ಟು ಎಳೆ ಇದೆ ಅನ್ನುವುದನ್ನು ದೊಡ್ಡದಾಗಿ ಹಾಕಿರುತ್ತಾರೆ. ನೀವು ನೋಡಬೇಕಾದ್ದು ಒಂದು ಮೀಟರ್‌ಗೆ ಎಷ್ಟು ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆ, ಅನ್ನುವುದನ್ನು. ಬರೀ ಸ್ಟೇನ್‌ಲೆಸ್ ಎಳೆಯ ಅಗ್ಗದ ಪಟ್ಟಿಯಲ್ಲಿ ಅದು 10 ಓಮ್ ಆಸುಪಾಸು ಇರಬಹುದು. ಸ್ಟೇನ್‌ಲೆಸ್ ಜೊತೆ ತಾಮ್ರದ ಎಳೆ ಸೇರಿದ್ದರೆ 0.2 ಓಮ್ ಅಥವಾ ಅದಕ್ಕೂ ಕಡಿಮೆ. ಎರಡು ಎಕರೆ ಚೌಕದ ಸುತ್ತಳತೆ ಸುಮಾರು 360 ಮೀಟರ್. ಅಗ್ಗದ ಪಟ್ಟಿಯಾದರೆ ಕೊನೆಯ ತುದಿಗೆ 3600 ಓಮ್, ಒಳ್ಳೆಯದಾದರೆ 72 ಓಮ್. ಮುಟ್ಟಿದ ಪ್ರಾಣಿಯನ್ನು ಅಳತೆಗಾಗಿ 500 ಓಮ್ ಅಂತ ಹಿಡಿಯಿರಿ. ಮಷಿನ್ ಒಳಗಿನ ಇಳಿತ, ಹುಲ್ಲಿನ ಸೋರಿಕೆ ಎಲ್ಲ ಬಿಟ್ಟರೂ, 8000 ವೋಲ್ಟ್‌ನಲ್ಲಿ ಕುದುರೆಯ ಪಾಲಿಗೆ ಬರುವುದು ಅಗ್ಗದ ಪಟ್ಟಿಯ ತುದಿಯಲ್ಲಿ 1000ಕ್ಕೂ ಕಡಿಮೆ, ಒಳ್ಳೆಯದರಲ್ಲಿ ಸುಮಾರು 7000. ಕುದುರೆ ಒಪ್ಪಿಕೊಂಡು ಹಿಂದೆ ಸರಿಯಲು ಬೇಲಿಯ ತುದಿಯಲ್ಲೂ 3000 ವೋಲ್ಟ್ ಇರಬೇಕು. ಈ ನಷ್ಟವನ್ನು ದೊಡ್ಡ ಮಷಿನ್ ತುಂಬಿಕೊಡಲಾರದು. ಮೂರು ಸಾಲುಗಳನ್ನೂ ಆರಂಭದಲ್ಲಿ ಮತ್ತು ಕೊನೆಯಲ್ಲಿ ಒಂದಕ್ಕೊಂದು ಜೋಡಿಸಿದರೆ ನಷ್ಟ ಇನ್ನೂ ಇಳಿಯುತ್ತದೆ, ಒಂದು ಸಾಲಿನಲ್ಲಿ ಎಳೆ ಮುರಿದರೂ ಉಳಿದವು ಕೆಲಸ ಮಾಡುತ್ತವೆ.

ಪಟ್ಟಿ ತುಂಡಾದಾಗ ಗಂಟು ಹಾಕಬೇಡಿ. ಗಂಟಿನಲ್ಲಿ ಎಳೆಗೆ ಎಳೆ ಸರಿಯಾಗಿ ತಾಗುವುದಿಲ್ಲ, ಕಿಡಿ ಹಾರುತ್ತದೆ, ಕಿಡಿ ಪ್ಲಾಸ್ಟಿಕ್ ಸುಡುತ್ತದೆ. ರಾತ್ರಿ ಬೇಲಿ ಸುತ್ತಿದರೆ ಟಿಕ್ ಟಿಕ್ ಅನ್ನುವ ನೀಲಿ ಚುಕ್ಕೆ ಕಾಣುತ್ತದಲ್ಲ, ಅದು ಇದೇ. ಲೋಹದ ಬಕಲ್ ಹಾಕಿ ಜೋಡಿಸಿ.

ಕಂಬದ ವಿಷಯಕ್ಕೆ ಬರೋಣ. ನಮ್ಮಲ್ಲಿ ಕಲ್ಲುಕಂಬ ಇದ್ದೇ ಇದೆ, ಗೆದ್ದಲು ತಿನ್ನುವುದಿಲ್ಲ, ಬೆಂಕಿಗೆ ಹೆದರುವುದಿಲ್ಲ. 7 ಅಡಿಯದು ತಂದು 2 ಅಡಿ ಹೂತರೆ ಮೇಲೆ 5 ಅಡಿ ಉಳಿಯುತ್ತದೆ, ಸರಿಯಾದ ಎತ್ತರ. ಆದರೆ ಅದರ ಅಂಚು ಕತ್ತಿಯಂತಿರುತ್ತದೆ. ಸಾಲುಗಳನ್ನು ಕಂಬದ ಒಳಮೈಗೆ, ಅಂದರೆ ಕುದುರೆ ಇರುವ ಕಡೆಗೆ, 15ರಿಂದ 20 ಸೆಂಟಿಮೀಟರ್ ಮುಂದಕ್ಕೆ ಚಾಚಿದ ಇನ್ಸುಲೇಟರ್ ಮೇಲೆ ಕಟ್ಟಿ. ಕುದುರೆ ಕಲ್ಲಿಗೆ ಮೈ ತಾಗಿಸುವ ಮೊದಲೇ ಪಟ್ಟಿ ತಡೆಯಬೇಕು. ಕಬ್ಬಿಣದ ಆಂಗಲ್ ಕಂಬ ನಮಗೆ ಇಷ್ಟವಿಲ್ಲ. ಅದರ ತುದಿ ಈಟಿ ಇದ್ದಂತೆ, ಕುದುರೆ ಮುಂಗಾಲು ಎತ್ತಿ ಇಳಿದರೆ ಹೊಟ್ಟೆಗೇ ಹೋಗುತ್ತದೆ. ಮತ್ತೆ ಒಂದೇ ಇನ್ಸುಲೇಟರ್ ಒಡೆದರೂ ಅಷ್ಟೂ ಕರೆಂಟ್ ಕಂಬದ ಮೂಲಕ ನೆಲಕ್ಕೆ ಹೋಗುತ್ತದೆ. ಇದ್ದದ್ದನ್ನೇ ಬಳಸಲೇಬೇಕಾದರೆ ಪ್ರತಿ ತುದಿಗೂ ಪ್ಲಾಸ್ಟಿಕ್ ಟೋಪಿ ಹಾಕಿ.

ಕಲ್ಲುಕಂಬ ಇದ್ದ ಕಡೆ ಮುಳ್ಳುತಂತಿಯೂ ಇರುತ್ತದೆ. ಮುಳ್ಳುತಂತಿಗೆ ಎಂದೂ ಕರೆಂಟ್ ಕೊಡಬಾರದು. ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾರದೆ ಪ್ರತಿ ಸೆಕೆಂಡಿಗೂ ಶಾಕ್ ತಿನ್ನುತ್ತದೆ. ತೆಗೆಯಲು ಆಗದಿದ್ದರೆ ಅದು ಹೊರಗಿನ ಗಡಿಯಾಗಿಯೇ ಇರಲಿ, ಕರೆಂಟ್ ಬೇಲಿಗೆ ಅದರಿಂದ ಒಂದು ಮೀಟರ್ ಒಳಕ್ಕೆ ಬೇರೆ ಕಂಬ ಸಾಲು ನಿಲ್ಲಿಸಿ.

ಸಾಲುಗಳ ಎತ್ತರ: ದೊಡ್ಡ ಕುದುರೆಗೆ ನೆಲದಿಂದ 50, 90, 130 ಸೆಂಟಿಮೀಟರ್. ಮರಿ ಜೊತೆಗಿದ್ದರೆ ಕೆಳಗೆ 35ರಲ್ಲಿ ಇನ್ನೊಂದು ಸಾಲು ಸೇರಿಸಿ, ಮಲಗಿದ ಮರಿ ಹೊರಳಿ ಹೊರಗೆ ಬೀಳುವುದು ಸಾಮಾನ್ಯ. ಗಂಡು ಕುದುರೆಗೆ ಮೇಲಿನ ಸಾಲು 150ಕ್ಕೆ ಏರಲಿ. ಎರಡು ಗಂಡು ಕುದುರೆಗಳಿಗೆ ಒಂದೇ ಬೇಲಿ ನಡುವೆ ಇರಬಾರದು, ಮಧ್ಯೆ ಓಣಿ ಬೇಕು. ಕಂಬಗಳ ಅಂತರ ಪಟ್ಟಿಗೆ 4 ಮೀಟರ್, ಹಗ್ಗಕ್ಕೆ 6ರವರೆಗೆ. ಎರಡು ಎಕರೆಗೆ ಮೂರು ಸಾಲು ಅಂದರೆ 1080 ಮೀಟರ್. 200 ಮೀಟರ್‌ನ ರೋಲ್ ಆರು ತನ್ನಿ. ಕಂಬ 90, ಇನ್ಸುಲೇಟರ್ 270, ಒಡೆಯುವುದಕ್ಕೆ ಅಂತ ಇನ್ನು 30. ಮೂಲೆಗಳನ್ನು ಚೂಪಾಗಿ ಬಿಡದೆ ಎರಡು ಕಂಬ ಹಾಕಿ ಓರೆಯಾಗಿ ಕತ್ತರಿಸಿ. ಗುಂಪಿನ ಬಡಪಾಯಿ ಕುದುರೆಯನ್ನು ಉಳಿದವು ಅಟ್ಟಿಸಿಕೊಂಡು ಬಂದು ಮೂಲೆಗೆ ಒತ್ತಿದಾಗಲೇ ಅದು ಬೇಲಿ ಹಾರುವುದು.

ಝಟಕಾ ಮಷಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಇಸಿ 60335-2-76 ಎಂಬ ಅಂತರರಾಷ್ಟ್ರೀಯ ಮಾನದಂಡಕ್ಕೆ ಒಪ್ಪಿದ್ದು ತಗೊಳ್ಳಿ. ಅದರ ಪ್ರಕಾರ ಕರೆಂಟಿನ ಎರಡು ಮಿಡಿತಗಳ ನಡುವೆ ಕನಿಷ್ಠ ಒಂದು ಸೆಕೆಂಡ್ ಬಿಡುವು ಇರಬೇಕು, 500 ಓಮ್‌ಗೆ ಒಂದು ಮಿಡಿತದ ಶಕ್ತಿ 5 ಜೂಲ್ ಮೀರಬಾರದು. ಆ ಬಿಡುವೇ ಜೀವ ಉಳಿಸುವುದು, ಮುಟ್ಟಿದವರಿಗೆ ಕೈ ಬಿಡಲು ಸಮಯ ಸಿಗುತ್ತದೆ. ಮನೆಯ 230 ವೋಲ್ಟ್ ನೇರ ಬೇಲಿಗೆ ಕೊಡುವುದು ಬೇಲಿಯಲ್ಲ, ಕೊಲೆಗಡುಕ ಕೆಲಸ, ಕಾನೂನಿನಲ್ಲೂ ಅಪರಾಧ. ಎರಡು ಎಕರೆಗೆ ಹೊರಕ್ಕೆ 1 ಜೂಲ್ ಕೊಡುವ ಮಷಿನ್ ಧಾರಾಳ. ಪೆಟ್ಟಿಗೆ ಮೇಲೆ ಬರೆದದ್ದು ಒಳಗೆ ಶೇಖರವಾಗುವ ಜೂಲೋ ಹೊರಗೆ ಬರುವ ಜೂಲೋ ಅಂತ ಕೇಳಿ ತಿಳಿದುಕೊಳ್ಳಿ. ಒಂದೇ ಬೇಲಿಗೆ ಎರಡು ಮಷಿನ್ ಜೋಡಿಸಬಾರದು, ಎರಡರ ಮಿಡಿತ ಸೇರಿದರೆ ಆ ಬಿಡುವೇ ಇಲ್ಲವಾಗುತ್ತದೆ. ಬೇರೆ ಬೇರೆ ಮಷಿನ್‌ನ ಎರಡು ಬೇಲಿ ಅಕ್ಕಪಕ್ಕ ಬಂದರೆ ನಡುವೆ ಎರಡೂವರೆ ಮೀಟರ್ ಜಾಗ ಬಿಡಿ.

ಸೋಲಾರ್ ಆದರೆ: 1 ಜೂಲ್ ಮಷಿನ್ 12 ವೋಲ್ಟ್ ಬ್ಯಾಟರಿಯಿಂದ ದಿನಕ್ಕೆ ಸುಮಾರು 3 ಆಂಪಿಯರ್-ಅವರ್ ತಿನ್ನುತ್ತದೆ. ಮಲೆನಾಡಿನಲ್ಲಿ ಐದು ದಿನ ಸೂರ್ಯ ಕಾಣಲಿಲ್ಲ ಅಂದುಕೊಳ್ಳಿ, 15 ಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು, ಹಾಗಾಗಿ 30ರ ಬ್ಯಾಟರಿ, 40 ವಾಟ್ ಪ್ಯಾನೆಲ್. ಅಂಗಡಿಯವರು ಜೊತೆಗೆ ಕೊಡುವ 7ರ ಪುಟ್ಟ ಬ್ಯಾಟರಿ ಬಯಲುಸೀಮೆಯ ಬಿಸಿಲಿಗೆ ಸಾಕಾದೀತು, ಆಷಾಢದ ಮಳೆಗೆ ಸಾಲದು. ಮಷಿನ್ ಪೆಟ್ಟಿಗೆಯ ತೂತುಗಳಿಗೆ ಬಲೆ ಹಾಕಿ, ಇರುವೆ, ಹಲ್ಲಿ ಬೆಚ್ಚಗಿರುತ್ತದೆ ಅಂತ ಒಳಗೆ ಸಂಸಾರ ಹೂಡುತ್ತವೆ.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸುವುದು ಅರ್ಥಿಂಗ್ ಅನ್ನು. ಕರೆಂಟ್ ಕುದುರೆಯ ಮೈಯಿಂದ ಗೊರಸಿಗೆ, ಗೊರಸಿನಿಂದ ಮಣ್ಣಿಗೆ, ಮಣ್ಣಿನಿಂದ ವಾಪಸ್ ಮಷಿನ್‌ಗೆ ಬಂದರೆ ಮಾತ್ರ ಶಾಕ್. ಒಂದು ಮೊಳ ಕಬ್ಬಿಣದ ಸರಳು ಹೊಡೆದು ತಂತಿ ಸುತ್ತಿದರೆ ಅದು ಅರ್ಥಿಂಗ್ ಆಗುವುದಿಲ್ಲ. ಕಲಾಯಿ ಹಾಕಿದ, 6 ಅಡಿ ಉದ್ದದ ಮೂರು ಸರಳುಗಳನ್ನು 3 ಮೀಟರ್ ಅಂತರದಲ್ಲಿ, ತೇವ ಇರುವ ಜಾಗದಲ್ಲಿ ಹೂಳಿ, ಮೂರನ್ನೂ ಕಲಾಯಿ ತಂತಿಯಿಂದಲೇ ಕ್ಲ್ಯಾಂಪ್ ಹಾಕಿ ಸೇರಿಸಿ. ತಾಮ್ರದ ತಂತಿ ಬೇಡ, ಎರಡು ಲೋಹ ಕೂಡಿದ ಕಡೆ ಕಲಾಯಿ ಬೇಗ ಸವೆಯುತ್ತದೆ. ಮನೆಯ ಕರೆಂಟಿನ ಅರ್ಥಿಂಗ್‌ನಿಂದ ಕನಿಷ್ಠ 10 ಮೀಟರ್ ದೂರ ಇರಲಿ.

ಪರೀಕ್ಷೆ ಹೀಗೆ. ಮಷಿನ್ ಆಫ್ ಮಾಡಿ, 100 ಮೀಟರ್ ದೂರ ಹೋಗಿ, ನೆಲಕ್ಕೆ ಹೊಡೆದ ಮೂರು ನಾಲ್ಕು ಕಬ್ಬಿಣದ ಸರಳುಗಳನ್ನು ಪಟ್ಟಿಗೆ ಒರಗಿಸಿ. ಮಷಿನ್ ಆನ್ ಮಾಡಿ ಅಳೆಯಿರಿ, ಬೇಲಿಯ ವೋಲ್ಟೇಜ್ 2000ಕ್ಕಿಂತ ಕೆಳಗೆ ಇಳಿದಿರಬೇಕು. ಈಗ ಕೊನೆಯ ಅರ್ಥ್ ಸರಳಿನಿಂದ ಒಂದು ಮೀಟರ್ ಆಚೆ ಟೆಸ್ಟರ್‌ನ ಮೊಳೆ ಚುಚ್ಚಿ, ಸರಳನ್ನು ಮುಟ್ಟಿ ಓದಿ. 300 ವೋಲ್ಟ್‌ಗಿಂತ ಹೆಚ್ಚು ಬಂದರೆ ಇನ್ನೊಂದು ಸರಳು ಹೂಳಿ, ಮತ್ತೆ ಅಳೆಯಿರಿ. ಇದಕ್ಕೆ ಬೇಲಿ ಟೆಸ್ಟರ್ ಮಾತ್ರ ಬಳಸಿ, ಮಾಮೂಲಿ ಮಲ್ಟಿಮೀಟರ್ ಸುಟ್ಟುಹೋಗುತ್ತದೆ. ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ. ಜುಲೈನಲ್ಲಿ ಎಲ್ಲರ ಅರ್ಥಿಂಗೂ ಪಾಸು.

ಕೋಲಾರ, ಬಳ್ಳಾರಿಯ ಬೇಸಿಗೆ ಮಣ್ಣು ಮೇಲುಪದರದಲ್ಲಿ ಹಂಚಿನಂತೆ ಒಣಗುತ್ತದೆ, ಆಗ ಎಷ್ಟು ಸರಳು ಹೂತರೂ ಕುದುರೆಯ ಕಾಲಡಿಯ ಮಣ್ಣೇ ಕರೆಂಟ್ ಬಿಡದು. ಅಲ್ಲಿ ಮಧ್ಯದ ಸಾಲನ್ನು ಮಷಿನ್‌ನ ಅರ್ಥ್ ಕಡೆಗೆ ಜೋಡಿಸಿ. ಮೇಲಿನದನ್ನೂ ಮಧ್ಯದ್ದನ್ನೂ ಒಟ್ಟಿಗೆ ಒತ್ತಿದ ಕುದುರೆಗೆ ಮಣ್ಣಿನ ಹಂಗಿಲ್ಲದೆ ಶಾಕ್ ತಗಲುತ್ತದೆ. ಹೀಗೆ ಮಾಡುವಾಗ ಮೇಲೆ ಹೇಳಿದಂತೆ ಸಾಲು ಸಾಲನ್ನು ಒಂದಕ್ಕೊಂದು ಜೋಡಿಸಬಾರದು ಅನ್ನುವುದು ನೆನಪಿರಲಿ, ಮಧ್ಯದ್ದು ಬೇರೆಯೇ ಇರಬೇಕು.

ಕರೆಂಟನ್ನು ಗೇಟಿನ ಆಚೆ ಬದಿಗೆ ದಾಟಿಸಲು ಅದರ ಕೆಳಗೆ ಮನೆ ವೈರಿಂಗ್‌ನ ವೈರ್ ಹೂಳುವುದು ಇನ್ನೊಂದು ಮಾಮೂಲಿ ತಪ್ಪು. ಆ ವೈರ್ 1100 ವೋಲ್ಟ್‌ಗೆ ಮಾಡಿದ್ದು, ಬೇಲಿಯಲ್ಲಿ ಹರಿಯುವುದು 8000. ಮೊದಲ ಮಳೆಗೇ ನೆಲದೊಳಗೆ ಸೋರಲು ಶುರು, ಮೇಲಿಂದ ಏನೂ ಕಾಣುವುದಿಲ್ಲ. ಬೇಲಿಗೆಂದೇ ಮಾಡಿದ ಎರಡು ಕವಚದ ಕೇಬಲ್ ತಂದು, ಪಿವಿಸಿ ಪೈಪಿನೊಳಗೆ ಒಂದು ಅಡಿ ಆಳಕ್ಕೆ ಹಾಕಿ. ಗೇಟಿನ ಹಿಡಿಕೆ ಕರೆಂಟ್ ಇರುವ ಕಂಬಕ್ಕೆ ಕೊಂಡಿ ಹಾಕುವಂತಿರಲಿ. ಬಿಚ್ಚಿದ ಕೂಡಲೇ ಪಟ್ಟಿ ಸತ್ತ ಪಟ್ಟಿಯಾಗುತ್ತದೆ, ನೆಲದ ಮೇಲೆ ಬಿದ್ದರೂ ತೊಂದರೆಯಿಲ್ಲ. ಸ್ಪ್ರಿಂಗ್ ಗೇಟ್ ದನಕ್ಕೆ ಸರಿ, ಕುದುರೆಯ ಬಾಲದ ಕೂದಲು ಅದರ ಸುರುಳಿಗೆ ಸಿಕ್ಕಿಕೊಳ್ಳುತ್ತದೆ. ದಾರಿಯ ಕಡೆಗೆ ಎರಡೂ ಬದಿಯಿಂದ ಕಾಣುವ ಹಳದಿ ಎಚ್ಚರಿಕೆ ಫಲಕ ಕಟ್ಟಿ. ಹೆದ್ದಾರಿ ಪಕ್ಕದಲ್ಲಿ ಕರೆಂಟ್ ಬೇಲಿಯೊಂದನ್ನೇ ನಂಬಬೇಡಿ, ಕರೆಂಟ್ ಹೋದ ರಾತ್ರಿ ಅದು ಬರೀ ಪಟ್ಟಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸಿಡಿಲು ತಡೆ ಹಾಕಿ, ಅದಕ್ಕೆ ಬೇರೆಯೇ ಅರ್ಥ್ ಕೊಡಿ. ಮೋಡ ಕಟ್ಟಿದಾಗ ಪ್ಲಗ್ ಮತ್ತು ಬೇಲಿಯ ತಂತಿ ಎರಡನ್ನೂ ಕಳಚಿಡುವುದು ಇನ್ನೂ ಖಾತ್ರಿ.

ಹೊಸ ಬೇಲಿಗೆ ಕುದುರೆಯನ್ನು ಸಂಜೆ ಹೊತ್ತು ಬಿಡಬೇಡಿ. ಬೆಳಗ್ಗೆ, ಮೇವು ತಿಂದ ಮೇಲೆ, ಕುದುರೆ ನೋಡಿಕೊಳ್ಳುವ ಸೈಸ್ ಹಗ್ಗ ಹಿಡಿದು ಬೇಲಿಯಿಂದ ಎರಡು ಮೀಟರ್ ಒಳಗೆ ಒಂದು ಸುತ್ತು ನಡೆಸಲಿ. ಆಮೇಲೆ ಹಗ್ಗ ಬಿಚ್ಚಿ, ತಲೆಯ ನೈಲಾನ್ ಪಟ್ಟಿಯನ್ನೂ ತೆಗೆದು, ದೂರ ನಿಲ್ಲಿ. ಕುದುರೆ ತಾನೇ ಬಂದು ಮೂಗು ಚಾಚಿ ಮೂಸುತ್ತದೆ. ಮೂಗಿಗೆ ತಗಲಿದ ಶಾಕ್‌ಗೆ ಹಿಂದಕ್ಕೆ ಹಾರುತ್ತದೆ, ಎದೆಗೆ ತಗಲಿದ್ದಕ್ಕೆ ಮುಂದಕ್ಕೆ ನುಗ್ಗುತ್ತದೆ. ಅದಕ್ಕೇ ನಿಧಾನವಾಗಿ ಮೂಸಲು ಬಿಡಬೇಕು, ನೀವು ಎಳೆದುಕೊಂಡು ಹೋಗಿ ಮುಟ್ಟಿಸಬಾರದು. ಕೈಯಲ್ಲಿ ಹಗ್ಗ ಇದ್ದರೆ ಶಾಕ್ ಕೊಟ್ಟವರು ನೀವೇ ಅಂತ ಅದು ತಿಳಿಯುತ್ತದೆ.

ದಿನಾ ಒಂದು ಸಲ ಬೇಲಿಯ ದೂರದ ತುದಿಯಲ್ಲಿ ವೋಲ್ಟೇಜ್ ಓದಿ ಲಾಯದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ನಿನ್ನೆ 5200, ಇವತ್ತು 3900 ಅಂದರೆ ಎಲ್ಲೋ ಹುಲ್ಲು ತಾಗಿದೆ ಅಥವಾ ಇನ್ಸುಲೇಟರ್ ಸೀಳಿದೆ, ಇವತ್ತೇ ಹುಡುಕಿ. ಹಿತ್ತಲಲ್ಲಿ 100 ಮೀಟರ್ ಬೇಲಿ ಕಟ್ಟಿಟ್ಟಿದ್ದೇವೆ, ಬೇಕಂತಲೇ ಮೂರು ಕಡೆ ದೋಷ ಬಿಟ್ಟಿದ್ದೇವೆ. ಟೆಸ್ಟರ್ ಇಲ್ಲಿದೆ, ಬನ್ನಿ, ಹುಡುಕೋಣ.